799 ರೂಪಾಯಿಯ ಟೂಲ್ ಸೆಟ್: ಎಲ್ಲವೂ ಬೇಡ, ಕೆಲವು ಓಕೆ

ಮೈಸೂರಿನಲ್ಲಿ ಹೊಸ ಮನೆಗೆ ಹೋಗಿದ್ದೀರಿ, ಸೂಪರ್‌ಮಾರ್ಕೆಟ್‌ನ ಸ್ವಂತ ಬ್ರ್ಯಾಂಡ್‌ನ 799 ರೂಪಾಯಿ ಸೆಟ್ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಡೀ ಸೆಟ್ ಬೇಡ.

ಸುತ್ತಿಗೆ, ಅಲನ್ ಕೀ (ಆರು ಮೂಲೆಯ ಗುಳಿ ಇರುವ ಸ್ಕ್ರೂ ತಿರುಗಿಸುವ ಬಾಗಿದ ಕಡ್ಡಿ), ಅಳತೆ ಟೇಪು ಅಗ್ಗದ್ದೇ ಸಾಕು. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡಿದರೆ ಹಾಳು ಅಂದುಕೊಳ್ಳಬೇಡಿ. ಒಳಗಿನ ಅಳತೆಗೂ ಹೊರಗಿನ ಅಳತೆಗೂ ಕೊಕ್ಕೆಯ ದಪ್ಪ ಸರಿಹೋಗಲಿ ಅಂತಲೇ ಹಾಗೆ ಮಾಡಿರುತ್ತಾರೆ.

ಮೋಸ ಇರುವುದು ಸ್ಕ್ರೂಡ್ರೈವರ್‌ನಲ್ಲಿ. ಮಂಡ್ಯದ ನಮ್ಮ ಮನೆಯಲ್ಲಿ ಇಂಥದ್ದೇ ಒಂದು ಸೆಟ್ ಇತ್ತು. ಬಾಗಿಲ ಚಿಲಕದ ತುಕ್ಕು ಹಿಡಿದ ಸ್ಕ್ರೂ ತಿರುಗಿಸಿದೆ. ಸ್ಕ್ರೂ ಅಲ್ಲಾಡಲಿಲ್ಲ, ಡ್ರೈವರ್ ತುದಿಯೇ ತಿರುಚಿಕೊಂಡಿತು! ಮೆತ್ತನೆ ಉಕ್ಕು ಸ್ಕ್ರೂ ತಲೆಯನ್ನೂ ಹಾಳು ಮಾಡುತ್ತದೆ, ಆಮೇಲೆ ಕೊರೆದೇ ತೆಗೆಯಬೇಕು. 'ಕ್ರೋಮ್ ವೆನೇಡಿಯಂ' (ಟೂಲ್‌ಗೆ ಬಳಸುವ ಗಟ್ಟಿ ಉಕ್ಕು) ಅಂತ ಬರೆದಿದ್ದರೂ ಸುಮ್ನೆ ನಂಬಬೇಡಿ. ಕಾಯಿಸಿ ತಣಿಸಿ ಹದ ಸರಿಯಾಗಿ ಕೊಡದಿದ್ದರೆ ಒಳ್ಳೆ ಉಕ್ಕೂ ಅಷ್ಟೇ.

ಇಕ್ಕಳವನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಜಾಗದಲ್ಲಿ ಬೆಳಕು ನುಸುಳಿದರೆ ಬೇಡ. ಸ್ಕ್ರೂ ಸ್ಪ್ಯಾನರ್‌ನ (ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪ್ಯಾನರ್) ದವಡೆ ಗಡಗಡ ಅಂದರೂ ಬೇಡ, ನಟ್ಟಿನ ಮೂಲೆ ಸವೆಯುತ್ತದೆ.

ಇನ್ನೊಂದು: ಹಿಡಿಗೆ ಪ್ಲಾಸ್ಟಿಕ್ ಇದೆ ಅಂತ ಕರೆಂಟ್ ಕೆಲಸಕ್ಕೆ ಕೈ ಹಾಕಬೇಡಿ. ಅದಕ್ಕೆ ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಅಂತ ಇರುವುದೇ ಬೇಕು. ಅದಿದ್ದರೂ ಮೊದಲು ಮೇನ್ ಆಫ್ ಮಾಡಿ.

ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಟಪಾರಿಯಾ ಥರದ ಟೂಲ್ ಬ್ರ್ಯಾಂಡ್‌ನದ್ದು ಒಂದು ಇಕ್ಕಳ, ಎರಡು ಸ್ಕ್ರೂಡ್ರೈವರ್ ಬಿಡಿಯಾಗಿ ತಗೊಳ್ಳಿ. ಮಿಕ್ಕಿದ್ದು ಬೇಕಾದಾಗ ನೋಡಿದರಾಯ್ತು, ಅಲ್ವಾ?