ಕರೆಂಟ್ ಹೋಗಿ ಬಂದರೆ ತಕ್ಕಡಿ ಹೆಸರೇ ಬದಲಾಗುತ್ತೆ, ಏನು ಮಾಡಲಿ?

ಪ್ರಶ್ನೆ: ಸಾರ್, ಮಲ್ಲೇಶ್ವರದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ. ಬಿಲ್ಲಿಂಗ್ ಕಂಪ್ಯೂಟರ್‌ನಲ್ಲಿ ಡೆಬಿಯನ್ ಲಿನಕ್ಸ್ ಇದೆ. ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಗಿರಾಕಿಗೆ ರೇಟು ತೋರಿಸೋ ಒಂದು ಡಿಸ್‌ಪ್ಲೇ. ಎರಡಕ್ಕೂ ಎಸ್.ಪಿ. ರೋಡಿನಲ್ಲಿ ತಂದ ಯುಎಸ್‌ಬಿ-ಸೀರಿಯಲ್ ಕೇಬಲ್. ಕರೆಂಟ್ ಹೋಗಿ ಬಂದರೆ ಕೆಲವು ಸಲ ಎರಡೂ ಅದಲುಬದಲಾಗುತ್ತವೆ, ಕೋಡುಬಳೆ ತೂಗಿದರೆ ಬಿಲ್ಲಿನಲ್ಲಿ ಸೊನ್ನೆ. ಪರ್ಮಿಷನ್ ಇಲ್ಲ ಅಂತಲೂ ಬರುತ್ತೆ, ಅದಕ್ಕೆ ದಿನಾ ಬೆಳಿಗ್ಗೆ ಸಿಎಚ್‌ಮಾಡ್ 777 (ಎಲ್ಲರಿಗೂ ಪೂರ್ತಿ ಪರ್ಮಿಷನ್ ಕೊಡೋ ಕಮಾಂಡ್) ಹೊಡೆಯುತ್ತೇನೆ. ನಮ್ಮ ಭಾಮೈದ ಹೊಸ ಡಿವೈಸ್ ಮ್ಯಾನೇಜರ್ ಹಾಕಿ ಅಂತಾನೆ. ಹಾಕಲಾ?

ಉತ್ತರ: ಬೇಡ. ನಿಮ್ಮ ಡೆಬಿಯನ್‌ನಲ್ಲಿ ಯೂಡೆವ್ ಅನ್ನೋ ಡಿವೈಸ್ ಮ್ಯಾನೇಜರ್ (ಸಿಕ್ಕಿಸಿದ ಸಾಧನಗಳನ್ನು ಗುರುತಿಸಿ ಹೆಸರು ಕೊಡೋ ಪ್ರೋಗ್ರಾಂ) ಮೊದಲಿಂದಲೂ ಓಡುತ್ತಲೇ ಇದೆ. 2003ರಲ್ಲಿ ಶುರುವಾದದ್ದು, 2012ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್ ಶುರುವಾಗುವಾಗ ಉಳಿದ ಪ್ರೋಗ್ರಾಂಗಳನ್ನು ಓಡಿಸೋ ಪ್ರೋಗ್ರಾಂ) ಜೊತೆ ಸೇರಿತು. ಅದು ಇಷ್ಟವಿಲ್ಲದ ಜೆಂಟೂ ಅನ್ನೋ ಇನ್ನೊಂದು ಲಿನಕ್ಸ್ ಬಳಗದ ಕೆಲವರು ಅದೇ ವರ್ಷ ಈಯೂಡೆವ್ ಅಂತ ಬೇರೆ ಮಾಡಿಕೊಂಡರು. ಬಿಜಿಬಾಕ್ಸ್ (ಹಲವು ಕಮಾಂಡ್‌ಗಳನ್ನು ಒಂದರಲ್ಲೇ ತುಂಬಿದ ಪುಟ್ಟ ಪ್ರೋಗ್ರಾಂ) ಇರೋ ಸಣ್ಣ ಸಿಸ್ಟಮ್‌ಗಳಿಗೆ ಎಂಡೆವ್ ಅಂತ ಒಂದಿದೆ. ಭಾಮೈದ ಇವುಗಳಲ್ಲಿ ಯಾವುದನ್ನೋ ಹೇಳಿರಬೇಕು. ಅಂಗಡಿ ಕಂಪ್ಯೂಟರ್‌ಗೆ ಅದರ ಉಸಾಬರಿ ಬೇಡ. ನಿಮಗೆ ಬೇಕಿರೋದು ಎರಡೇ ಎರಡು ಸಾಲಿನ ರೂಲ್.

ಹೆಸರು ಯಾಕೆ ಬದಲಾಗುತ್ತೆ ಅಂದರೆ, ಕಂಪ್ಯೂಟರ್ ಈ ಕೇಬಲ್‌ಗಳಿಗೆ ಕೊಡೋ ಟಿಟಿವೈ-ಯುಎಸ್‌ಬಿ 0, 1 ಅನ್ನೋದು ಹೆಸರೇ ಅಲ್ಲ, ಬ್ಯಾಂಕಿನ ಟೋಕನ್ ನಂಬರ್ ಇದ್ದ ಹಾಗೆ. ಕಂಪ್ಯೂಟರ್ ಆನ್ ಆದಾಗ ಯಾವ ಕೇಬಲ್ ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಸೊನ್ನೆ. ಈ ನಂಬರ್ ಬದಲಾಗದ ಹಾಗೆ ಮಾಡೋಕೆ ಹೋಗಬೇಡಿ, ಗೆಲ್ಲಲ್ಲ. ಅದರ ಪಾಡಿಗೆ ಅದು ಇರಲಿ, ನೀವು ಪಕ್ಕದಲ್ಲಿ ಒಂದು ಅಡ್ಡಹೆಸರು ಇಡಿ. ಅದಕ್ಕೆ ಸಿಮ್‌ಲಿಂಕ್ ಅಂತಾರೆ.

ಮೊದಲು ತಕ್ಕಡಿ ಕೇಬಲ್ ಒಂದನ್ನೇ ಸಿಕ್ಕಿಸಿ. (ಇಲ್ಲಿ ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.) ಯೂಡೆವ್‌ಆಡ್ಮ್ ಇನ್ಫೋ, ಮೈನಸ್ ಎ, ಮೈನಸ್ ಎನ್, ಆಮೇಲೆ ಆ ಡಿವೈಸ್‌ನ ಈಗಿನ ಹೆಸರು (ಟಿಟಿವೈ-ಯುಎಸ್‌ಬಿ 0 ಅನ್ನೋ ಥರದ್ದು) ಕೊಡಿ. ಪರದೆ ತುಂಬಾ ಸುರಿಯುತ್ತೆ, ಗಾಬರಿ ಆಗಬೇಡಿ. ಮೇಲೆ ಡಿವೈಸ್, ಅದರ ಕೆಳಗೆ ಅದರ ಅಪ್ಪ, ಅಜ್ಜ, ಮುತ್ತಜ್ಜ ಅಂತ ಒಂದೊಂದೇ ಗುಂಪು. ಕೆಳಗೆ ಹೋಗುತ್ತಾ ಹೋಗುತ್ತಾ ಐಡಿ-ವೆಂಡರ್ (ತಯಾರಕರ ನಂಬರ್), ಐಡಿ-ಪ್ರಾಡಕ್ಟ್ (ಮಾಡೆಲ್ ನಂಬರ್) ಇರೋ ಗುಂಪು ಸಿಗುತ್ತೆ. ನಿಮ್ಮದು ಅಗ್ಗದ ಕೇಬಲ್ ಆದ್ದರಿಂದ 1ಎ86, 7523 ಅಂತ ಇರುವ ಸಾಧ್ಯತೆ ಜಾಸ್ತಿ. ಅಂದರೆ ಸಿಎಚ್340 ಚಿಪ್.

ಇಲ್ಲೇ ಇರೋದು ತೊಡಕು. ಎರಡು ಕೇಬಲ್‌ಗೂ ಅದೇ ಚಿಪ್, ಅದೇ ನಂಬರ್. ಈ ಚಿಪ್‌ಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರಲ್ಲ. ಅವಳಿ ಮಕ್ಕಳಿಗೆ ಒಂದೇ ಅಂಗಿ ಹಾಕಿದ ಹಾಗೆ, ಯೂಡೆವ್ ಪಾಪ ಹೇಗೆ ಗುರುತು ಹಿಡಿಯಬೇಕು? ಉಳಿದಿರೋ ಗುರುತು ಒಂದೇ, ಯಾವ ಸಾಕೆಟ್‌ಗೆ ಸಿಕ್ಕಿಸಿದ್ದೀರಿ ಅನ್ನೋದು. ಅದೇ ಗುಂಪಿನಲ್ಲಿ ಕರ್ನಲ್ಸ್ ಅಂತ ಒಂದು ಸಾಲು, ಅದರ ಎದುರಿಗೆ 1-1.2 ಅನ್ನೋ ಥರ ಏನೋ ಇರುತ್ತೆ. ಅದೇ ಸಾಕೆಟ್‌ನ ವಿಳಾಸ. ಬರೆದಿಟ್ಟುಕೊಳ್ಳಿ, ಡಿಸ್‌ಪ್ಲೇಗೂ ಹೀಗೇ ಮಾಡಿ.

ಈಗ ಇಟಿಸಿ ಒಳಗೆ ಯೂಡೆವ್, ಅದರೊಳಗೆ ರೂಲ್ಸ್ ಡಾಟ್ ಡಿ ಫೋಲ್ಡರ್‌ನಲ್ಲಿ 99-ಅಂಗಡಿ ಅಂತ ಫೈಲ್ ಮಾಡಿ (ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ), ಕೊನೆಗೆ ಡಾಟ್ ರೂಲ್ಸ್ ಇರಲೇಬೇಕು. ಯುಎಸ್‌ಆರ್ ಫೋಲ್ಡರ್ ಒಳಗಿನ ರೂಲ್‌ಗಳನ್ನು ಮುಟ್ಟಬೇಡಿ, ಅಪ್‌ಡೇಟ್ ಬಂದಾಗ ನೀವು ಮಾಡಿದ ಬದಲಾವಣೆ ಅಳಿಸಿಹೋಗುತ್ತೆ. ಸಾಲಿನ ಅರ್ಥ ಇಷ್ಟೇ: ಸಬ್‌ಸಿಸ್ಟಮ್ ಟಿಟಿವೈ ಆಗಿದ್ದು ಕರ್ನಲ್ಸ್ 1-1.2 ಆಗಿದ್ದರೆ, ಸಿಮ್‌ಲಿಂಕ್‌ಗೆ ತಕ್ಕಡಿ ಅಂತ ಸೇರಿಸು. ಎರಡನೇ ಸಾಲು ಡಿಸ್‌ಪ್ಲೇಗೆ.

"ಆಗಿದ್ದರೆ" ಅನ್ನೋ ಕಡೆ ಎರಡು ಸಮ ಚಿಹ್ನೆ ಹಾಕಬೇಕು, "ಸೇರಿಸು" ಅನ್ನೋ ಕಡೆ ಪ್ಲಸ್ ಜೊತೆ ಒಂದು. ನಾನೊಮ್ಮೆ ಎರಡರ ಜಾಗದಲ್ಲಿ ಒಂದೇ ಹಾಕಿ, ಒಂದು ಇಡೀ ಸಂಜೆ ಕೇಬಲ್ ಕಿತ್ತು ಸಿಕ್ಕಿಸಿ ಕಿತ್ತು ಸಿಕ್ಕಿಸಿ ಸುಸ್ತಾಗಿದ್ದೆ. ಯೂಡೆವ್ ಗಲಾಟೆ ಮಾಡಲ್ಲ, ಲಾಗ್‌ನಲ್ಲಿ ಒಂದು ಸಾಲು ಗೊಣಗಿ ಸುಮ್ನಾಗುತ್ತೆ. ಕೊನೆಯ "ಎಸ್" ಕೂಡ ನೋಡಿಕೊಳ್ಳಿ. ಕರ್ನಲ್ ಅಂದರೆ ಡಿವೈಸ್‌ನ ಸ್ವಂತ ಹೆಸರು, ಕರ್ನಲ್ಸ್ ಅಂದರೆ ಅಪ್ಪ, ಅಜ್ಜಂದಿರನ್ನೂ ಸೇರಿಸಿ ಹುಡುಕು ಅಂತ. ಒಂದೇ ಸಾಲಿನಲ್ಲಿ ಅಪ್ಪನ ಒಂದು ಗುಣ, ಅಜ್ಜನ ಒಂದು ಗುಣ ಬೆರೆಸಿದರೆ ಅದು ಯಾವತ್ತೂ ಹೊಂದಲ್ಲ.

ಆಮೇಲೆ ಯೂಡೆವ್‌ಆಡ್ಮ್ ಕಂಟ್ರೋಲ್ ರೀಲೋಡ್ ಕೊಟ್ಟು, ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಸ ಹೆಸರು ಕೊಡಿ. ಇಷ್ಟೂ ಬೇಜಾರು ಅನಿಸಿದರೆ ಡೆವ್ ಒಳಗೆ ಸೀರಿಯಲ್, ಅದರೊಳಗೆ ಬೈ-ಪಾತ್ ನೋಡಿ, ಸಾಕೆಟ್ ಪ್ರಕಾರ ಹೆಸರು ಆಗಲೇ ರೆಡಿ ಇರುತ್ತೆ. ಮಾರುದ್ದ ಇರುತ್ತೆ, ಅಷ್ಟೇ.

ಸಾಕೆಟ್ ನಂಬಿಕೊಂಡ ಮೇಲೆ ಸಾಕೆಟ್ ಬದಲಾಗಬಾರದು. ಕಸ ಗುಡಿಸುವಾಗ ಯಾರೋ ಕಿತ್ತು ಪಕ್ಕದ ತೂತಿಗೆ ಹಾಕಿದರೆ ಮುಗೀತು, ಅದಕ್ಕೆ ಟೇಪ್ ಅಂಟಿಸಿ ಹೆಸರು ಬರೆಯಿರಿ. ನನ್ನನ್ನು ಕೇಳಿದರೆ, ಮುಂದಿನ ಸಲ ಎಸ್.ಪಿ. ರೋಡಿಗೆ ಹೋದಾಗ ಒಂದು ಎಫ್‌ಟಿಡಿಐ ಚಿಪ್‌ನ ಕೇಬಲ್ ತನ್ನಿ. ಅದರ ವೆಂಡರ್ ನಂಬರ್ 0403. ಒಂದು 0403, ಇನ್ನೊಂದು 1ಎ86 ಅಂದಮೇಲೆ ಗುರುತಿಗೆ ಅಷ್ಟೇ ಸಾಕು, ಯಾವ ತೂತಿಗೆ ಹಾಕಿದರೂ ನಡೆಯುತ್ತೆ.

777 ವಿಷಯ. ನೀವು ಪರ್ಮಿಷನ್ ಕೊಡೋದು ಟಿಟಿವೈ-ಯುಎಸ್‌ಬಿ ಅನ್ನೋ ಡಿವೈಸ್ ಫೈಲಿಗೆ. ಕೇಬಲ್ ಕಿತ್ತು ಸಿಕ್ಕಿಸಿದಾಗಲೆಲ್ಲ, ಕಂಪ್ಯೂಟರ್ ಆಫ್ ಆಗಿ ಬಂದಾಗಲೆಲ್ಲ ಆ ಫೈಲ್ ಅಳಿಸಿ ಹೊಸದು ಹುಟ್ಟುತ್ತೆ, ಅದಕ್ಕೇ ದಿನಾ ಹೊಡೆಯಬೇಕಾಗಿದೆ. ಡೆಬಿಯನ್‌ನಲ್ಲಿ ಸೀರಿಯಲ್ ಪೋರ್ಟ್‌ಗಳು ಡಯಲ್‌ಔಟ್ ಗ್ರೂಪಿಗೆ ಸೇರಿದ್ದು. ಬಿಲ್ಲಿಂಗ್ ಯೂಸರ್‌ನನ್ನು ಆ ಗ್ರೂಪಿಗೆ ಸೇರಿಸಿ ಒಂದು ಸಲ ಲಾಗ್‌ಔಟ್ ಆಗಿ ಬನ್ನಿ.

ಪ್ರಶ್ನೆ: ಉಬುಂಟು 22.04ರಲ್ಲಿ ಆರ್ಡುಯಿನೋ ನ್ಯಾನೋ (ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡ್) ಕ್ಲೋನ್ ಸಿಕ್ಕಿಸಿದರೆ ಪೋರ್ಟ್ ಬಂದ ಹಾಗೆ ಮಾಡಿ ಮಾಯವಾಗುತ್ತೆ. ಬೋರ್ಡ್ ಹೋಗಿದೆಯಾ?

ಉತ್ತರ: ಬೋರ್ಡ್ ಬಹುಶಃ ಚೆನ್ನಾಗೇ ಇದೆ. ಡಿಮೆಸ್ಗ್ ಕಮಾಂಡ್ ತೋರಿಸೋ ಲಾಗ್‌ನಲ್ಲಿ ಬಿಆರ್‌ಎಲ್‌ಟಿಟಿವೈ ಅನ್ನೋ ಹೆಸರು ಕಂಡರೆ ಕಳ್ಳ ಸಿಕ್ಕಿದ ಹಾಗೆ. ಅದು ಅಂಧರು ಬಳಸುವ ಬ್ರೈಲ್ ಡಿಸ್‌ಪ್ಲೇಗೆ ಇರೋ ಪ್ರೋಗ್ರಾಂ. ಅಂಥ ಒಂದು ಡಿಸ್‌ಪ್ಲೇಯಲ್ಲೂ 1ಎ86, 7523 ನಂಬರೇ ಇರೋದರಿಂದ ನಿಮ್ಮ ನ್ಯಾನೋನೂ ಬ್ರೈಲ್ ಅಂದುಕೊಂಡು ಹಿಡಿದುಕೊಳ್ಳುತ್ತೆ. ಆ ಕಂಪ್ಯೂಟರ್‌ನಲ್ಲಿ ಬ್ರೈಲ್ ಬಳಸುವವರು ಇಲ್ಲದಿದ್ದರೆ ಪ್ಯಾಕೇಜ್ ತೆಗೆದುಬಿಡಿ. ಇದ್ದರೆ ತೆಗೆಯಬೇಡಿ. 85 ನಂಬರಿನ ಅದರ ರೂಲ್ ಫೈಲನ್ನು ಅದೇ ಹೆಸರಿನಲ್ಲಿ ಇಟಿಸಿ ಒಳಗಿನ ರೂಲ್ಸ್ ಫೋಲ್ಡರ್‌ಗೆ ಕಾಪಿ ಮಾಡಿ, ಈ ನಂಬರ್ ಇರೋ ಸಾಲಿನ ಮುಂದೆ ಹ್ಯಾಷ್ ಹಾಕಿ. ಹೆಸರು ಒಂದೇ ಆಗಿದ್ದರೆ ಇಟಿಸಿಯಲ್ಲಿರೋದೇ ಗೆಲ್ಲುತ್ತೆ.