‘ಹೂ’ ಎಂಬ ಪದ ಹಲವು ಭಾಷೆಗಳಲ್ಲಿದೆ. ಇವೆಲ್ಲಕ್ಕೂ ಮೂಲ ಒಂದೇನಾ?

ಇಲ್ಲ, ದನಿ ಮಾತ್ರ ಒಂದೇ.

ನಮ್ಮ ‘ಹೂ’ ಹಳಗನ್ನಡದಲ್ಲಿ ‘ಪೂ’ ಆಗಿತ್ತು. ಪಾಲು ಹಾಲಾದಂತೆ, ಪಲ್ಲು ಹಲ್ಲಾದಂತೆ ಇದೂ ಬದಲಾಯಿತು. ತಮಿಳರು ಇಂದಿಗೂ ‘ಪೂ’ ಅಂತಲೇ ಅನ್ನುತ್ತಾರೆ.

ಇಂಗ್ಲಿಷಿನ ‘ಹೂ’ ಅಂದರೆ ‘ಯಾರು’. ಅದರ ಹಳೆಯ ರೂಪ ‘ಹ್ವಾ’. ಅದಕ್ಕೂ ಹಿಂದೆ ಮೊದಲ ದನಿ ಕಕಾರವಾಗಿತ್ತು. ಹಾಗಾಗಿ ಅದರ ನಿಜವಾದ ನೆಂಟ ನಮ್ಮ ಹೂವಲ್ಲ, ಸಂಸ್ಕೃತದಲ್ಲಿ ‘ಯಾರು’ ಎನ್ನುವ ‘ಕಃ’! ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಕಿವಿಗೆ ಒಂದೇ ಎನಿಸುವವು ಬೇರೆ ಬೇರೆ, ಬೇರೆ ಎನಿಸುವವು ಒಂದೇ ಬಳ್ಳಿಯವು.

ಹೀಬ್ರೂವಿನಲ್ಲಿ ‘ಹೂ’ ಎಂದರೆ ‘ಅವನು’. ಅರಬ್ಬಿಯ ‘ಹುವ’ ಇದರ ಸೋದರ.

ಚೀನೀ ಭಾಷೆಯಲ್ಲಿ ಸ್ವರ ಏರಿಸಿ ‘ಹೂ’ ಎಂದರೆ ಸರೋವರ, ಇಳಿಸಿ ಏರಿಸಿದರೆ ಹುಲಿ. ಹುಬೇ ಪ್ರಾಂತ್ಯದ ಹೆಸರಿನ ಅರ್ಥವೇ ‘ಸರೋವರದ ಉತ್ತರ’.