ತಗೊಂಡೆನಾ, ಇಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯ ಸುತ್ತ ಇದ್ದವು. ಮದ್ದು ಮನೆಯಲ್ಲಿದೆ, ಡಾಕ್ಟರು ಬರೆದಿದ್ದಾರೆ, ದುಡ್ಡು ಕೊಟ್ಟು ತಂದಾಗಿದೆ, ಆದರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗುತ್ತಿಲ್ಲ. ಉಡುಪಿಯಲ್ಲಿ ಮೆಡಿಕಲ್ ಕೌಂಟರಿನ ಹಿಂದೆ ವರ್ಷಗಟ್ಟಲೆ ನಿಂತವಳು ನಾನು, ಈ ಕಷ್ಟ ದಿನಾ ನೋಡುತ್ತೇನೆ. ಹಾಗಾಗಿ ಇವತ್ತು ಉಳಿದ ಪ್ರಶ್ನೆ ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ನಮ್ಮ ಅತ್ತೆಗೆ 74 ವರ್ಷ. ಬಿಪಿ, ಶುಗರ್, ಥೈರಾಯ್ಡ್ ಮೂರೂ ಇದೆ. ದಿನಕ್ಕೆ ಒಂಬತ್ತು ಮಾತ್ರೆ. ಹೋದ ತಿಂಗಳು ಬಿಪಿ ಮಾತ್ರೆ ಎರಡು ಸಲ ತಗೊಂಡು ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಕುಳಿತುಬಿಟ್ಟರು. ಬೈದರೆ ಅಳುತ್ತಾರೆ. ಏನು ಮಾಡಲಿ?
— ಓದುಗಿ, ಬ್ರಹ್ಮಾವರ

ಮೊದಲು ಬೈಯುವುದನ್ನು ನಿಲ್ಲಿಸಿ. ಅವರದ್ದು ಅಜಾಗ್ರತೆ ಅಲ್ಲ. ದಿನಾ ಒಂದೇ ಕೆಲಸ ಒಂದೇ ಥರ ಮಾಡಿದರೆ ನಿನ್ನೆಯದ್ದೂ ಇವತ್ತಿನದ್ದೂ ಮನಸ್ಸಲ್ಲಿ ಕಲಸಿಹೋಗುತ್ತದೆ. ಬಸ್ ಹತ್ತಿದ ಮೇಲೆ ‘ಗ್ಯಾಸ್ ಬಂದ್ ಮಾಡಿದ್ದೆನಾ’ ಅಂತ ನೀವೂ ಯೋಚಿಸಿರುತ್ತೀರಿ ಅಲ್ವಾ? ಅದೇ ಇದು. ನೆನಪಿನ ಮೇಲೆ ಭಾರ ಹಾಕುವ ಬದಲು, ‘ತಗೊಂಡೆನಾ ಇಲ್ವಾ’ ಅನ್ನುವ ಪ್ರಶ್ನೆಗೆ ಮದ್ದೇ ಉತ್ತರ ಹೇಳುವ ಹಾಗೆ ಅದನ್ನು ಜೋಡಿಸಿಡಬೇಕು.

ಅಮೆರಿಕದ ಇಲಿನಾಯ್‌ನಲ್ಲಿ ಡೇವಿಡ್ ವ್ಯಾಗ್ನರ್ ಅಂತ ಒಬ್ಬ ಎಂಜಿನಿಯರ್ ಇದ್ದರು. ನಾಲ್ಕನೇ ಮಗು ಆದ ಮೇಲೆ ಅವರ ಹೆಂಡತಿ ಗರ್ಭನಿರೋಧಕ ಮಾತ್ರೆ ಶುರುಮಾಡಿದರು. ಇವತ್ತಿನದ್ದು ತಗೊಂಡಿದ್ದೀಯಾ ಅಂತ ದಿನಾ ಕೇಳಿ ಕೇಳಿ ಇಬ್ಬರಿಗೂ ಸಾಕಾಯಿತು. ಅವರು ಒಂದು ಕಾಗದದಲ್ಲಿ ವಾರಗಳ ಹೆಸರು ಬರೆದು ಒಂದೊಂದರ ಮೇಲೆ ಒಂದು ಮಾತ್ರೆ ಇಟ್ಟರು. ಮಾತ್ರೆ ಇಲ್ಲ ಅಂದರೆ ತಗೊಂಡಾಯಿತು, ಅಷ್ಟೇ. ಒಂದು ದಿನ ಆ ಕಾಗದ ಕೆಳಗೆ ಬಿದ್ದು ಮಾತ್ರೆಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ. ಆಮೇಲೆ ಅವರೇ ಕುಳಿತು ದಿನ ತೋರಿಸುವ ಒಂದು ಡಬ್ಬಿ ಮಾಡಿ 1962ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ನಮ್ಮಲ್ಲಿ ಸಿಗುವ ಮಾಲಾ-ಡಿ ಅನ್ನುವ ಗರ್ಭನಿರೋಧಕ ಮಾತ್ರೆಯ ಪಟ್ಟಿಯಲ್ಲಿ (ಸ್ಟ್ರಿಪ್) 28 ಮಾತ್ರೆ ಇರುವುದೂ ಇದೇ ಲೆಕ್ಕಾಚಾರ. ಅದರಲ್ಲಿ 21 ಹಾರ್ಮೋನಿನದ್ದು, ಉಳಿದ 7 ಕಬ್ಬಿಣದ್ದು. ಆ ಏಳು ದಿನ ಬಿಟ್ಟು ಮತ್ತೆ ಶುರುಮಾಡುವಾಗ ಮರೆಯಬಾರದು, ನುಂಗುವ ಅಭ್ಯಾಸ ತಪ್ಪಬಾರದು ಅಂತ. ಕುಷ್ಠರೋಗದ ಮದ್ದು ಸಹ 28 ದಿನದ ಪಟ್ಟಿಯಲ್ಲೇ ಬರುತ್ತದೆ.

ನಿಮ್ಮ ಮನೆಗೆ 28 ಕೋಣೆಯ ಡಬ್ಬಿ ತನ್ನಿ. ಏಳು ದಿನ, ದಿನಕ್ಕೆ ನಾಲ್ಕು ಹೊತ್ತು. ಭಾನುವಾರ ಊಟ ಆದ ಮೇಲೆ ಚಾವಡಿಯಲ್ಲಿ ಒಳ್ಳೆ ಬೆಳಕಿದ್ದಾಗ ಡಾಕ್ಟರ ಚೀಟಿ ಎದುರಿಗಿಟ್ಟುಕೊಂಡು ತುಂಬಿಸಿ. ತುಂಬಿಸುವವರು ಒಬ್ಬರು, ನೋಡುವವರು ಇನ್ನೊಬ್ಬರು. ಇದು ಮುಖ್ಯ, ಯಾಕೆಂದರೆ ಭಾನುವಾರ ಕೈತಪ್ಪಿದರೆ ಆ ತಪ್ಪು ಏಳು ದಿನ ನಡೆಯುತ್ತದೆ. ಎರಡನೆಯವರು ಅತ್ತೆಯೇ ಆಗಲಿ. ಅವರ ಮದ್ದು ಅವರ ಕೈಯಲ್ಲಿ ಇದೆ ಅನ್ನಿಸಬೇಕು.

ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳುವಂಥದ್ದು, ಅದಕ್ಕೆ ಬೇರೆ ಕೋಣೆ ಕೊಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ನೋವು ಬಂದಾಗ ಮಾತ್ರ ತಗೊಳ್ಳುವ ಮಾತ್ರೆಯನ್ನು ಈ ಡಬ್ಬಿಗೆ ಹಾಕಲೇಬೇಡಿ.

ಇನ್ನೊಂದು. ಹಳೆಯ ಪಟ್ಟಿಗಳನ್ನೆಲ್ಲ ಒಮ್ಮೆ ಮೇಜಿನ ಮೇಲೆ ಹರಡಿ, ದೊಡ್ಡ ಹೆಸರು ಬಿಟ್ಟು ಒಳಗಿನ ಮದ್ದಿನ ಹೆಸರು ಓದಿ. ಆಸ್ಪತ್ರೆಯಿಂದ ಬಿಡುಗಡೆ ಆಗುವಾಗ ಬಿಪಿಗೆ ಹೊಸ ಕಂಪನಿಯ ಟೆಲ್ಮಿಸಾರ್ಟನ್ ಕೊಟ್ಟಿರುತ್ತಾರೆ, ಮನೆಯಲ್ಲಿ ಹಳೆ ಕಂಪನಿಯದ್ದು ಅದೇ ಟೆಲ್ಮಿಸಾರ್ಟನ್ ಇರುತ್ತದೆ. ಬಣ್ಣ ಬೇರೆ, ಹೆಸರು ಬೇರೆ, ಹಾಗಾಗಿ ಎರಡನ್ನೂ ನುಂಗುತ್ತಾರೆ. ಅತ್ತೆಗೆ ತಲೆ ತಿರುಗಿದ್ದು ಮರೆವಿನಿಂದಲೋ ಇದರಿಂದಲೋ ನೋಡಿ.

ತಗೊಂಡೆನೋ ಇಲ್ಲವೋ ಅಂತ ನಿಜವಾಗಿ ಗೊತ್ತಾಗದೆ ಹೋದರೆ, ಹೆಚ್ಚಿನ ದಿನಬಳಕೆ ಮದ್ದುಗಳಲ್ಲಿ ಆ ಹೊತ್ತಿನದ್ದು ಬಿಟ್ಟುಬಿಡುವುದೇ ಕ್ಷೇಮ. ಇನ್ಸುಲಿನ್, ರಕ್ತ ತೆಳು ಮಾಡುವ ಮದ್ದು ಇವಂತೂ ಸಂಶಯದಲ್ಲಿ ಮತ್ತೊಮ್ಮೆ ತಗೊಳ್ಳಲೇಬಾರದು, ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು.

ಎಲ್ಲ ಮಾತ್ರೆ ಬಿಡಿಸಿ ಡಬ್ಬಿಗೆ ಹಾಕಿಟ್ಟಿದ್ದೆ. ಜುಲೈಯಲ್ಲಿ ನೋಡಿದರೆ ಕೆಲವು ಮೆತ್ತಗಾಗಿವೆ, ಒಂದು ಹುಳಿ ವಾಸನೆ. ತಿನ್ನಬಹುದಾ?
— ಓದುಗ, ಸುರತ್ಕಲ್

ಬೇಡ, ಬಿಸಾಡಿ. ಆ ಹುಳಿ ವಾಸನೆ ಆಸ್ಪಿರಿನ್‌ನದ್ದು ಇರಬೇಕು. ತೇವ ತಾಗಿದರೆ ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲ ಆಗುತ್ತದೆ, ಅಂದರೆ ವಿನೆಗರ್‌ನಲ್ಲಿರುವ ಅದೇ ಹುಳಿ. ಬೇರೆ ಊರಿನವರು ಬರೆದ ಸಲಹೆ ಓದಿ ನಾವು ಕರಾವಳಿಯವರು ಮೋಸ ಹೋಗುವುದು ಇಲ್ಲೇ. ಹಪ್ಪಳ ಹತ್ತು ನಿಮಿಷಕ್ಕೆ ಮೆತ್ತಗಾಗುವ ಊರು ನಮ್ಮದು. ಮೂರ್ಛೆರೋಗಕ್ಕೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಗಾಳಿಯ ನೀರನ್ನೇ ಎಳೆದುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಡಾಬಿಗಾಟ್ರಾನ್ ಕ್ಯಾಪ್ಸೂಲ್ ಸಹ ತನ್ನ ಪ್ಯಾಕಿನಲ್ಲೇ ಇರಬೇಕು.

ಇದಕ್ಕೆ ನಾನು ಎಲ್ಲರಿಗೂ ಹೇಳುವ ಉಪಾಯ ಒಂದಿದೆ. ಮಾತ್ರೆ ಬಿಡಿಸಬೇಡಿ. ಪಟ್ಟಿಯ ಹಿಂದೆ, ಬೆಳ್ಳಿ ಕಾಗದದ ಮೇಲೆ, ಒಂದೊಂದು ಮಾತ್ರೆಯ ಬೆನ್ನಿಗೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆಯಿರಿ. ಬಾಲ್ ಪೆನ್ ಬೇಡ, ಕಾಗದ ತೂತಾಗುತ್ತದೆ. 12 ಅಂತ ಬರೆದ ಗುಳಿ ಒಡೆದಿದ್ದರೆ ಹನ್ನೆರಡನೇ ತಾರೀಕಿನದ್ದು ಆಯಿತು. ಡಬ್ಬಿಯೇ ಬೇಕಿದ್ದರೆ ಪಟ್ಟಿಯನ್ನು ಕತ್ತರಿಯಿಂದ ಒಂದೊಂದು ಮಾತ್ರೆಯಾಗಿ, ಸುತ್ತ ಸ್ವಲ್ಪ ಅಂಚು ಬಿಟ್ಟು ಕತ್ತರಿಸಿ ಹಾಗೇ ಹಾಕಿ. ದೊಡ್ಡ ಆಸ್ಪತ್ರೆಗಳಲ್ಲಿ ಒಂದೊಂದು ಡೋಸ್ ಬೇರೆ ಪ್ಯಾಕ್ ಮಾಡಿ, ರೋಗಿಯ ಹಾಸಿಗೆ ಪಕ್ಕ ಬಂದ ಮೇಲೇ ಒಡೆಯುವ ಪದ್ಧತಿ ಇದೆಯಲ್ಲ, ಇದು ಅದರದ್ದೇ ಮನೆರೂಪ. ವಯಸ್ಸಾದವರು ಅದನ್ನು ಕಾಗದ ಸಮೇತ ನುಂಗಿಬಿಡುವ ಅಪಾಯ ಇದೆ, ಆದ್ದರಿಂದ ಕಣ್ಣು ಮಂಜಾದವರ ಮನೆಯಲ್ಲಿ ಇದು ಬೇಡ.

ಪಟ್ಟಿ ಕತ್ತರಿಸುವಾಗ ಎಕ್ಸ್‌ಪೈರಿ ಬರೆದ ತುದಿಯನ್ನು ಕೊನೆಗೆ ಉಳಿಸಿ. ಮೆಡಿಕಲ್‌ನಲ್ಲಿ ಬಿಡಿ ಮಾತ್ರೆ ಕೇಳಿದರೂ ಆ ತಾರೀಕು ನೋಡಿಯೇ ಹೊರಡಿ.

ನನ್ನ ತಮ್ಮನಿಗೆ ಟಿಬಿ ಅಂತ ಗೊತ್ತಾಗಿ ಮೂರು ತಿಂಗಳಾಯಿತು. ಈಗ ಕೆಮ್ಮು ಇಲ್ಲ. ಬೋಟಿಗೆ ಹೋಗುತ್ತೇನೆ ಅನ್ನುತ್ತಾನೆ. ಹತ್ತು ದಿನ ಸಮುದ್ರದಲ್ಲಿ. ಮದ್ದಿನ ಗತಿ?
— ಓದುಗಿ, ಮಲ್ಪೆ

ಅಕ್ಕ, ನಿಮ್ಮ ಹೆದರಿಕೆ ಸರಿಯಾದದ್ದೇ. ಕೆಮ್ಮು ನಿಂತ ಮೇಲೆಯೇ ಹೆಚ್ಚಿನವರು ಮದ್ದು ಬಿಡುವುದು. ಸಾಮಾನ್ಯ ಟಿಬಿಗೆ ಆರು ತಿಂಗಳ ಮದ್ದು, ಮೊದಲ ಎರಡು ತಿಂಗಳು ನಾಲ್ಕು ಬಗೆ, ಆಮೇಲೆ ನಾಲ್ಕು ತಿಂಗಳು ಮೂರು ಬಗೆ. ನಡುವೆ ಬಿಟ್ಟು ಬಿಟ್ಟು ತಗೊಂಡರೆ ಉಳಿದ ರೋಗಾಣು ಮದ್ದಿಗೆ ಬಗ್ಗದ ಜಾತಿಯಾಗಿ ಬೆಳೆಯುತ್ತದೆ. ಆಮೇಲಿನ ಚಿಕಿತ್ಸೆ ತುಂಬಾ ಕಷ್ಟದ್ದು.

ಮೊದಲು ಟಿಬಿ ಘಟಕದ ಡಾಕ್ಟರನ್ನು ಕೇಳಲಿ. ಬೋಟಿನ ಸಣ್ಣ ಕ್ಯಾಬಿನ್‌ನಲ್ಲಿ ಎಲ್ಲರೂ ಒತ್ತೊತ್ತಿ ಮಲಗುವುದು. ಕಫ ಪರೀಕ್ಷೆ ನೋಡಿ ಅವರು ಹೂಂ ಅಂದರೆ ಮಾತ್ರ ಹೋಗಲಿ. ಹೋಗುವುದಾದರೆ ಹತ್ತು ದಿನದ್ದಲ್ಲ, ಹದಿನೈದು ದಿನದ ಮದ್ದು ಕೇಳಿ ತಗೊಳ್ಳಲಿ, ಗಾಳಿ ಜಾಸ್ತಿಯಾದರೆ ಬೋಟು ಹೇಳಿದ ದಿನಕ್ಕೆ ಬರುವುದಿಲ್ಲ. ಪಟ್ಟಿಗೆ ತಾರೀಕು ಬರೆದು, ಬಾಯಿ ಕಟ್ಟಿದ ಪ್ಲಾಸ್ಟಿಕ್‌ನಲ್ಲಿ ಹಾಕಿ, ಉಪ್ಪು ನೀರು ತಾಗದ ಕಡೆ ಇಡಲಿ. ಬೋಟಿನಲ್ಲಿ ನಂಬುವ ಒಬ್ಬರಿಗೆ ಹೇಳಲಿ. ನಾಚಿಕೆಯ ರೋಗ ಅಲ್ಲ ಇದು.

ಲೆಕ್ಕ ಇಡಲು ನಮ್ಮ ದೇಶದಲ್ಲೇ ಹುಟ್ಟಿದ ಒಂದು ಜಾಣ ಉಪಾಯ ಇದೆ, 99ಡಾಟ್ಸ್ ಅಂತ. ಪಟ್ಟಿಗೆ ಒಂದು ಕಾಗದದ ಹೊದಿಕೆ. ಮಾತ್ರೆ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಅದಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಆ ದಿನದ ಲೆಕ್ಕ ದಾಖಲಾಗುತ್ತದೆ, ಖರ್ಚಿಲ್ಲ, ಸ್ಮಾರ್ಟ್‌ಫೋನ್ ಬೇಡ. ಆದರೆ ನಡು ಸಮುದ್ರದಲ್ಲಿ ನೆಟ್‌ವರ್ಕ್ ಎಲ್ಲಿ ಬರುತ್ತದೆ? ಅಲ್ಲಿ ಒಡೆದ ಪಟ್ಟಿಯೇ ಸಾಕ್ಷಿ. ಖಾಲಿ ಪಟ್ಟಿ ಒಂದನ್ನೂ ಬಿಸಾಡದೆ ದಡಕ್ಕೆ ತಂದು ತೋರಿಸಲಿ. ಟಿಬಿ ಮದ್ದುಗಳಲ್ಲಿ ಒಂದಾದ ರಿಫಾಂಪಿಸಿನ್ ತಗೊಂಡವರ ಮೂತ್ರ ಕಿತ್ತಳೆ-ಕೆಂಪಾಗುತ್ತದೆ, ಅದು ನೋಡಿ ಹೆದರುವುದು ಬೇಡ. ಹೆದರಬೇಕಾದದ್ದು ಬೇರೆ: ಕಣ್ಣು ಹಳದಿ, ನಿಲ್ಲದ ವಾಂತಿ, ದೃಷ್ಟಿ ಮಂಜು. ಇವು ಕಂಡರೆ ಬೋಟು ತಿರುಗಿಸಲೇಬೇಕು.

ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ಕೇಂದ್ರ ಸರ್ಕಾರದ ನೆರವಿದೆ. 2018ರಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ತಮ್ಮನ ಖಾತೆಗೆ ಬರುತ್ತಿದೆಯಾ ಕೇಳಿ.

ನಾನು ಯಕ್ಷಗಾನ ಮೇಳದಲ್ಲಿ ವೇಷ ಮಾಡುವವನು. ಬಿಪಿ ಮಾತ್ರೆ ‘ರಾತ್ರಿ’ ಅಂತ ಬರೆದಿದ್ದಾರೆ. ತಗೊಂಡರೆ ಮೂತ್ರಕ್ಕೆ ಅವಸರ. ವೇಷ ಕಟ್ಟಿದ ಮೇಲೆ ಹೋಗುವುದು ಹೇಗೆ? ಆಟ ಇದ್ದ ದಿನ ಬಿಟ್ಟುಬಿಡುತ್ತೇನೆ.
— ಓದುಗ, ಕೋಟ

ದೀಪಾವಳಿ ಕಳೆದು ತಿರುಗಾಟ ಶುರುವಾದರೆ ಮೇ ಕೊನೆಗೆ ಬರುವ ಪತ್ತನಾಜೆವರೆಗೆ ನಿಮಗೆ ಹೆಚ್ಚುಕಡಿಮೆ ದಿನಾ ಆಟವೇ. ಅಂದರೆ ಅರ್ಧ ವರ್ಷ ಮದ್ದೇ ಇಲ್ಲ ಅಂತಾಯಿತು. ಆ ಭಾರದ ವೇಷದಲ್ಲಿ ಕುಣಿಯುವ ಹೊತ್ತಿಗೆ ಬಿಪಿ ಏರಿದ್ದರೆ ಏನಾಗಬಹುದು ಯೋಚಿಸಿ.

ತಪ್ಪು ನಿಮ್ಮದಲ್ಲ, ಚೀಟಿಯಲ್ಲಿ ನಿಮ್ಮ ದಿನಚರಿ ಇಲ್ಲ. ನಿಮ್ಮ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶ ಸೇರಿರಬೇಕು. ‘ರಾತ್ರಿ ಇಡೀ ಎಚ್ಚರ, ಬೆಳಗ್ಗೆ ಮಲಗಿ ಮಧ್ಯಾಹ್ನ ಏಳುತ್ತೇನೆ, ಸಂಜೆ ಬಣ್ಣ ಹಚ್ಚಲು ಚೌಕಿಗೆ ಹೋಗುತ್ತೇನೆ’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎದ್ದ ಕೂಡಲೇ ತಗೊಳ್ಳುವ ಹಾಗೆ ಅವರು ಬದಲಿಸಿಕೊಡಬಹುದು. ಬಣ್ಣದ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ, ಹಲ್ಲುಜ್ಜುವ ಬ್ರಷ್ ಜೊತೆ ಇಡಿ. ಮದ್ದಿಗೆ ಗೋಡೆ ಗಡಿಯಾರಕ್ಕಿಂತ ನೀವು ಏಳುವ ಹೊತ್ತು ಒಳ್ಳೆ ಗುರುತು.

ಅಮ್ಮನ ಗಂಟುನೋವಿಗೆ ಮೆಥೊಟ್ರೆಕ್ಸೇಟ್ ಕೊಟ್ಟಿದ್ದಾರೆ. ವಾರಕ್ಕೊಮ್ಮೆ. ಅದನ್ನೂ ದಿನದ ಡಬ್ಬಿಗೆ ಹಾಕಲಾ?
— ಓದುಗ, ಬಂಟ್ವಾಳ

ಖಂಡಿತ ಬೇಡ. ವಾರಕ್ಕೊಮ್ಮೆಯ ಈ ಮದ್ದನ್ನು ದಿನಾ ತಗೊಂಡು ಜೀವ ಕಳೆದುಕೊಂಡವರಿದ್ದಾರೆ. ಬೇರೆ ಡಬ್ಬಿ, ಬೇರೆ ಕಪಾಟು. ಮೇಲೆ ದೊಡ್ಡ ಅಕ್ಷರದಲ್ಲಿ ‘ಸೋಮವಾರ ಮಾತ್ರ’ ಅನ್ನುವ ಹಾಗೆ, ಡಾಕ್ಟರು ಹೇಳಿದ ದಿನವನ್ನು ಬರೆಯಿರಿ. ಕೊಡುವುದು ಒಬ್ಬರೇ ಕೈಯಿಂದ.

ನಾನು ದುಬೈಯಲ್ಲಿದ್ದೇನೆ, ಅಮ್ಮ ಕದ್ರಿಯ ಮನೆಯಲ್ಲಿ ಒಬ್ಬರೇ. ಮುಚ್ಚಳ ತೆರೆದರೆ ನನ್ನ ಫೋನಿಗೆ ಮೆಸೇಜ್ ಬರುವ ಡಬ್ಬಿ ಕಳಿಸಲಾ?
— ಓದುಗ

ಕಳಿಸಬಹುದು, ಅಮ್ಮ ಒಪ್ಪಿದರೆ. ಕೇಳದೆ ಕಳಿಸಬೇಡಿ. ಆದರೆ ಅದು ಹೇಳುವುದು ಮುಚ್ಚಳ ತೆರೆಯಿತು ಅಂತ, ಮದ್ದು ಹೊಟ್ಟೆಗೆ ಹೋಯಿತು ಅಂತ ಅಲ್ಲ.

ನನ್ನ ಅಮ್ಮನ ಡಬ್ಬಿ ಪ್ರತಿ ಶನಿವಾರ ರಾತ್ರಿ ಸರಿಯಾಗಿ ಖಾಲಿಯಾಗಿರುತ್ತಿತ್ತು. ನನಗೆ ತುಂಬಾ ಸಮಾಧಾನ. ಒಮ್ಮೆ ಸಾಸಿವೆ ಹುಡುಕುತ್ತಾ ಅಡುಗೆಮನೆಯ ಮೇಲಿನ ಹಲಗೆಗೆ ಕೈ ಹಾಕಿದಾಗ ಹಳೆ ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಅದರ ತುಂಬ ಅರ್ಧ ಅರ್ಧ ಮುರಿದ ಮಾತ್ರೆಗಳು. ‘ಅರ್ಧ ತಗೊಂಡರೂ ನಡೆಯುತ್ತೆ ಮಗಾ, ನಿಂಗೆ ಖರ್ಚು ಎಷ್ಟಾಗುತ್ತೆ’ ಅಂದರು. ನಾನು ಮದ್ದು ಕೊಡುವವಳು, ನನ್ನ ಮನೆಯಲ್ಲೇ ಹೀಗೆ. ಆ ಮೇಲೆ ಅದೇ ಮದ್ದನ್ನು ಜನೌಷಧಿ ಕೇಂದ್ರದಿಂದ ತಂದು, ಬಿಲ್ಲನ್ನು ಅವರ ಕೈಗೇ ಕೊಟ್ಟೆ.

ಹಾಗಾಗಿ ದಿನಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ. ಬೆಳಗ್ಗಿನ ಗಂಜಿಯೋ ನೀರುದೋಸೆಯೋ ತಿನ್ನುವ ಹೊತ್ತಿಗೆ ಮಾಡಿ, ಮಾತಾಡುತ್ತಾ ಎದುರಲ್ಲೇ ನುಂಗಲಿ. ಮಾತ್ರೆ ಉಳಿದಿದ್ದರೆ ‘ಯಾಕೆ ತಗೊಂಡಿಲ್ಲ’ ಅನ್ನಬೇಡಿ. ನುಂಗಲು ದೊಡ್ಡದಾಯಿತಾ, ಹೊಟ್ಟೆ ಉರಿಯುತ್ತದಾ, ದುಡ್ಡಿನ ಚಿಂತೆಯಾ, ಒಂದೊಂದಾಗಿ ಕೇಳಿ. ಶುಗರಿನ ಮೆಟ್‌ಫಾರ್ಮಿನ್ ದೊಡ್ಡ ಮಾತ್ರೆ, ತುಂಬಾ ಜನ ಅದನ್ನು ಬಿಡುವುದು ಆ ಕಾರಣಕ್ಕೇ. ಹೆಸರಿನ ಮುಂದೆ ಎಸ್‌ಆರ್ ಅಥವಾ ಎಕ್ಸ್‌ಆರ್ ಅಂತಿದ್ದರೆ ಅದನ್ನು ಪುಡಿ ಮಾಡಬಾರದು, ನಿಧಾನವಾಗಿ ಕರಗಬೇಕಾದ ಮದ್ದು ಒಮ್ಮೆಲೇ ಒಳಗೆ ಹೋಗುತ್ತದೆ. ಚಿಕ್ಕ ಮಾತ್ರೆಯಾಗಿ ಬದಲಿಸಿಕೊಡಲು ಡಾಕ್ಟರನ್ನು ಕೇಳಿ. ಮುಂದಿನ ಸಲ ಊರಿಗೆ ಬಂದಾಗ ಅಮ್ಮನ ಜೊತೆ ಕುಳಿತು ಕಪಾಟಿನ ಮೇಲಿನ ಹಲಗೆಯನ್ನೂ ಒಮ್ಮೆ ನೋಡಿ.